ಕಾರಿನ ನೀರು ಎಲ್ಲಿಗೆ ಹೋಯಿತು?

ನಮ್ಮ ಕೃಷ್ಣರಾಜನಗರ, ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆಯ ಹಳೆಯ ಕಾರುಗಳ ಡಿಕ್ಕಿ ತೆಗೆದು ನೋಡಿ. ಸ್ಟೆಪ್ನಿ ಪಕ್ಕದಲ್ಲಿ ಐದು ಲೀಟರಿನ ಒಂದು ಪ್ಲಾಸ್ಟಿಕ್ ಕ್ಯಾನ್ ಇರುತ್ತದೆ, ಅದರ ತುಂಬ ನೀರು. ಇದೇಕೆ ಎಂದು ಕೇಳಿದರೆ, 'ಸ್ವಲ್ಪ ನೀರು ಕುಡೀತದೆ ಸಾರ್, ಬೇರೇನೂ ತೊಂದ್ರೆ ಇಲ್ಲ' ಎನ್ನುತ್ತಾರೆ ಮಾಲೀಕರು. ಇವತ್ತು ನಾನು ಜಗಳಕ್ಕೆ ನಿಂತಿರುವುದು ಆ ಕ್ಯಾನಿನ ಜೊತೆ. ಕಾರು ಪೆಟ್ರೋಲ್ ಕುಡಿಯುತ್ತದೆ, ಡೀಸೆಲ್ ಕುಡಿಯುತ್ತದೆ. ನೀರು ಕುಡಿಯುವುದಿಲ್ಲ. ಒಳಗಿನ ಕೂಲೆಂಟ್ ಇಂಜಿನ್ನಿಗೂ ರೇಡಿಯೇಟರಿಗೂ ನಡುವೆ ಸುತ್ತುತ್ತಲೇ ಇರಬೇಕಾದದ್ದು. ಅದು ಕಡಿಮೆಯಾಗುತ್ತಿದೆ ಎಂದರೆ ಎಲ್ಲೋ ಒಂದು ದಾರಿ ಮಾಡಿಕೊಂಡು ಹೊರಗೆ ಹೋಗುತ್ತಿದೆ. ಆ ದಾರಿಯನ್ನು ಹುಡುಕುವುದೇ ಕೆಲಸ. ಮುಚ್ಚುವುದು ಅರ್ಧ ದಿನದ ಮಾತು.

ಈ ನೀರು ಹೊಯ್ಯುವ ಅಭ್ಯಾಸಕ್ಕೆ ದೊಡ್ಡ ವಂಶಾವಳಿಯೇ ಇದೆ. 1888ರ ಆಗಸ್ಟ್‌ನಲ್ಲಿ ಜರ್ಮನಿಯ ಬರ್ತಾ ಬೆಂಝ್ ಎಂಬ ಹೆಣ್ಣುಮಗಳು ಗಂಡನಿಗೆ ಹೇಳದೆ, ಅವನು ಕಟ್ಟಿದ ಮೋಟಾರು ಗಾಡಿಯಲ್ಲಿ ಇಬ್ಬರು ಮಕ್ಕಳನ್ನು ಕೂರಿಸಿಕೊಂಡು ಮಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ, ತವರಿಗೆ ಹೊರಟಳು. ನೂರು ಕಿಲೋಮೀಟರಿಗೂ ಹೆಚ್ಚಿನ ದಾರಿ. ಆ ಗಾಡಿಗೆ ಇವತ್ತಿನಂಥ ರೇಡಿಯೇಟರ್ ಇರಲಿಲ್ಲ. ಇಂಜಿನ್ ಸುತ್ತಲಿನ ನೀರು ಕುದಿದು ಆವಿಯಾಗಿ ಹೋಗುತ್ತಿತ್ತು. ಹಾಗಾಗಿ ದಾರಿಯುದ್ದಕ್ಕೂ ಸಿಕ್ಕಸಿಕ್ಕಲ್ಲಿ ನೀರು ತುಂಬಿಸಿಕೊಳ್ಳುತ್ತಲೇ ಹೋಗಬೇಕಾಯಿತು. ಸಣ್ಣ ಸಣ್ಣ ನಳಿಕೆಗಳ ನಡುವೆ ಗಾಳಿ ಹಾಯಿಸಿ, ಅದೇ ನೀರನ್ನು ತಣಿಸಿ ಮತ್ತೆ ಬಳಸುವ ಜೇನುಗೂಡು ರೇಡಿಯೇಟರನ್ನು ವಿಲ್ಹೆಲ್ಮ್ ಮೈಬಾಖ್ ಮರ್ಸಿಡಿಸ್ ಕಾರಿಗೆ ಕೂರಿಸಿದ್ದು 1901ರ ಹೊತ್ತಿಗೆ. ಅಂದರೆ ಕಾರಿಗೆ ನೀರು ಹೊಯ್ಯುತ್ತ ಹೋಗುವ ಕಾಲ ಮುಗಿದು ನೂರು ವರ್ಷಕ್ಕೂ ಮೇಲಾಯಿತು.

ಆದರೂ ನಮ್ಮಲ್ಲಿ ಅದು ಉಳಿಯಿತು. ಅದಕ್ಕೆ ಕಾರಣವೂ ಇತ್ತು. ಅಂಬಾಸಿಡರ್, ಜೀಪು, ಮೆಟಡಾರ್ ಓಡಾಡಿದ ಕಾಲ ನೆನಪಿರುವವರಿಗೆ ಗೊತ್ತು. ಕುಶಾಲನಗರ ದಾಟಿ ಆನೆಕಾಡಿನಿಂದ ಮಡಿಕೇರಿಗೆ ಏರುವಾಗ ರಸ್ತೆ ಬದಿಯಲ್ಲಿ ಬಾನೆಟ್ ಎತ್ತಿ ನಿಂತ ಗಾಡಿಗಳು, ಮೇಲೆ ಹಬೆ, ಕೊಡಪಾನ ಹಿಡಿದು ಓಡುವ ಕ್ಲೀನರ್. ಆ ಇಂಜಿನ್ನುಗಳು ಬೀಡು ಕಬ್ಬಿಣದವು, ರೇಡಿಯೇಟರು ತಾಮ್ರ-ಹಿತ್ತಾಳೆಯದು. ನಾಲೆ ನೀರನ್ನೇ ಹೊಯ್ದರೂ ಬೇಗ ಕೆಡುತ್ತಿರಲಿಲ್ಲ. ತೂತು ಬಿದ್ದರೆ ಬೆಸುಗೆ ಹಾಕುವವರು ಊರೂರಿಗೆ ಇದ್ದರು. ಈಗಿನ ಕಾರಿನ ಇಂಜಿನ್ ಹೆಡ್ಡು ಅಲ್ಯೂಮಿನಿಯಮ್. ರೇಡಿಯೇಟರಿನ ಜಾಲರಿಯೂ ಅದೇ. ಅದರ ಎರಡು ಕೊನೆಯ ಟ್ಯಾಂಕುಗಳು ಪ್ಲಾಸ್ಟಿಕ್. ಹಳೆಯ ಬೆಸುಗೆ ಕಬ್ಬಿಣ ಇವಕ್ಕೆ ಹತ್ತುವುದೂ ಇಲ್ಲ, ಬೋರ್‌ವೆಲ್ ನೀರು ಇವಕ್ಕೆ ಆಗಿಬರುವುದೂ ಇಲ್ಲ.

ಬೋರ್‌ವೆಲ್ ನೀರಿನ ಗುಣ ನಿಮ್ಮ ಮನೆಯ ಗೀಸರನ್ನು ಕೇಳಿದರೆ ತಿಳಿಯುತ್ತದೆ. ಕಾಯಿಸಿದಷ್ಟೂ ಒಳಗೆ ಬಿಳಿ ಸುಣ್ಣ ಕಟ್ಟುತ್ತದೆ. ರೇಡಿಯೇಟರಿನ ನಳಿಕೆಗಳು ತೀರ ಸಪೂರ, ಅಲ್ಲಿ ಅದೇ ಸುಣ್ಣ ಕೂತರೆ ನೀರು ತಣಿಯುವುದಿಲ್ಲ. ಜೊತೆಗೆ ನೀರಿನಲ್ಲಿ ಕರಗಿದ ಉಪ್ಪುಗಳು ಉಕ್ಕನ್ನೂ ಅಲ್ಯೂಮಿನಿಯಮ್ಮನ್ನೂ ಒಳಗಿಂದ ತಿನ್ನುತ್ತವೆ. ಕೂಲೆಂಟಿನಲ್ಲಿ ಎಥಿಲೀನ್ ಗ್ಲೈಕಾಲ್ ಜೊತೆ ತುಕ್ಕು ತಡೆಯುವ ಮದ್ದುಗಳು ಇರುತ್ತವೆ. ಪ್ರತಿ ಸಲ ನೀವು ಒಂದು ಲೋಟ ನೀರು ಸೇರಿಸಿದಾಗಲೂ ಆ ಮದ್ದು ತೆಳುವಾಗುತ್ತ ಹೋಗುತ್ತದೆ. ಸೋರುತ್ತದೆಂದು ನೀರು ಹೊಯ್ಯುತ್ತೀರಿ, ನೀರು ಹೊಯ್ದದ್ದಕ್ಕೆ ಇನ್ನೊಂದು ಕಡೆ ಸೋರಲು ಶುರುವಾಗುತ್ತದೆ.

ಇನ್ನು ರೇಡಿಯೇಟರ್ ಮುಚ್ಚಳದ ವಿಚಾರ. ಇಂಜಿನ್ನಿನಲ್ಲಿ ಉರಿದ ಇಂಧನದ ಶಾಖದಲ್ಲಿ ಹೆಚ್ಚುಕಡಿಮೆ ಮೂರನೆಯ ಒಂದು ಪಾಲನ್ನು ಈ ನೀರೇ ಹೊತ್ತು ಹೊರಗೆ ಹಾಕಬೇಕು. ನಮ್ಮ ಮೈಸೂರು ಸೀಮೆ ಸಮುದ್ರ ಮಟ್ಟದಿಂದ 770 ಮೀಟರಿನ ಆಸುಪಾಸಿನಲ್ಲಿದೆ. ಇಲ್ಲಿ ನೀರು 100 ಡಿಗ್ರಿಯವರೆಗೆ ಕಾಯುವುದಿಲ್ಲ, 97ರ ಸುಮಾರಿಗೇ ಕುದಿಯುತ್ತದೆ. ಮಡಿಕೇರಿಯಲ್ಲಿ ಇನ್ನೂ ಒಂದು ಡಿಗ್ರಿ ಕಮ್ಮಿ. ಇಂಜಿನ್ ಕೆಲಸ ಮಾಡುವುದೇ 90ರ ಹತ್ತಿರ. ಹಾಗಾದರೆ ಏರು ಹತ್ತುವಾಗ ಕುದಿಯದೆ ಇರುವುದು ಹೇಗೆ? ಮನೆಯ ಕುಕ್ಕರಿನ ಉಪಾಯವೇ ಇಲ್ಲೂ. ರೇಡಿಯೇಟರ್ ಮುಚ್ಚಳದಲ್ಲಿ ಸ್ಪ್ರಿಂಗ್ ಇರುವ ಒಂದು ವಾಲ್ವ್ ಒತ್ತಡ ಹಿಡಿದಿಟ್ಟುಕೊಳ್ಳುತ್ತದೆ. ಮುಚ್ಚಳದ ಮೇಲೆ 0.9 ಅಂತಲೋ 1.1 ಅಂತಲೋ ಬರೆದಿರುವುದು ಆ ಒತ್ತಡವನ್ನು. ಇಷ್ಟು ಒತ್ತಡದಲ್ಲಿ ಬರೀ ನೀರೇ ಸುಮಾರು 117 ಡಿಗ್ರಿಯವರೆಗೆ ಕುದಿಯುವುದಿಲ್ಲ. ಅರ್ಧಕ್ಕರ್ಧ ಕೂಲೆಂಟ್ ಇದ್ದರೆ 125ರ ಹತ್ತಿರದವರೆಗೂ ತಡೆಯುತ್ತದೆ.

ಆ ವಾಲ್ವಿನ ರಬ್ಬರು ಒಣಗಿ ಒತ್ತಡ ನಿಲ್ಲದೆ ಹೋದರೆ ತೂತೇ ಇಲ್ಲದೆಯೂ ನೀರು ಕುದಿದು ಕೂಲೆಂಟ್ ಬಾಟಲಿನಿಂದ ಹೊರಗೆ ಉಕ್ಕುತ್ತದೆ. ಹಾಗಾಗಿ ಸೋರುವ ಕಾರಿಗೆ ಮೊದಲು ಬದಲಾಯಿಸಬೇಕಾದ ಸಾಮಾನು, ಎಲ್ಲಕ್ಕಿಂತ ಅಗ್ಗದ ಸಾಮಾನು, ಆ ಮುಚ್ಚಳವೇ. ಬಿಸಿಯಿರುವಾಗ ಮಾತ್ರ ಅದಕ್ಕೆ ಕೈಹಾಕಬೇಡಿ. ತೆಗೆದ ಕ್ಷಣ ಒತ್ತಡ ಬಿದ್ದು, ಒಳಗಿನ 110 ಡಿಗ್ರಿಯ ನೀರು ಒಮ್ಮೆಲೇ ಹಬೆಯಾಗಿ ಚಿಮ್ಮುತ್ತದೆ. ಒದ್ದೆ ಬಟ್ಟೆ ಹಿಡಿದು ನಿಧಾನವಾಗಿ ತೆಗೆಯುತ್ತೇನೆ ಎನ್ನುವ ಧೈರ್ಯವಂತರ ಮುಖದ ಮೇಲೆ ಸುಟ್ಟ ಕಲೆ ನೋಡಿದ್ದೇನೆ. ಮೇಲಿನ ಹೋಸ್ ಪೈಪನ್ನು ಬರಿಗೈಯಲ್ಲಿ ಹಿಡಿದು ಹಿಸುಕುವಷ್ಟು ತಣ್ಣಗಾಗಲಿ, ಆಮೇಲೆ ತೆಗೆಯಿರಿ.

ಈಗ ಒಂದು ಹಟಮಾರಿ ಸೋರಿಕೆಯ ಕಥೆ. ನಮ್ಮ ಬೀದಿಯಲ್ಲಿ ಭತ್ತದ ವ್ಯಾಪಾರದವರೊಬ್ಬರಿದ್ದಾರೆ. ಅವರದು ಸುಮಾರು ಹದಿನೈದು ವರ್ಷ ಹಳೆಯ ಸಣ್ಣ ಪೆಟ್ರೋಲ್ ಕಾರು. ಸಾಲಿಗ್ರಾಮ, ಭೇರ್ಯ, ಮಿರ್ಲೆ ಎಲ್ಲ ಸುತ್ತಿ ಸಂಜೆಗೆ ಮನೆಗೆ ಬರುತ್ತಾರೆ. ವಾರ ಕಳೆಯುವುದರಲ್ಲಿ ಕೂಲೆಂಟ್ ಬಾಟಲಿನ ತಳ ಕಾಣುತ್ತಿತ್ತು. ನೆಲದ ಮೇಲೆ ಹನಿಯ ಗುರುತಿಲ್ಲ. ಒಂದು ಕಡೆ ರೇಡಿಯೇಟರ್ ಬದಲಾಯಿಸಿದರು, ಇನ್ನೊಂದು ಕಡೆ ವಾಟರ್ ಪಂಪ್ ಹೊಸದು ಹಾಕಿದರು. ಮತ್ತೊಂದು ಕಡೆ, ಹೆಡ್ ಗ್ಯಾಸ್ಕೆಟ್ಟೇ ಹೋಗಿರಬೇಕು, ಹೆಡ್ ಇಳಿಸಬೇಕು ಎಂದರಂತೆ. ನಾನು ಐಟಿಐಯಲ್ಲಿ ಮೋಟಾರ್ ಮೆಕ್ಯಾನಿಕ್ ಹುಡುಗರಿಗೆ ಪಾಠ ಹೇಳಿದವನೆಂದು ಗೊತ್ತಿದ್ದ ಅವರು ಒಂದು ಭಾನುವಾರ ಕರೆದರು. 'ಮೇಷ್ಟ್ರೇ, ನೆಲಕ್ಕೂ ಬೀಳ್ದೆ, ಹೊಗೇನೂ ಬರ್ದೆ ನೀರು ಎಲ್ಲಿಗೋಯ್ತದೆ ಹೇಳಿ ಮತ್ತೆ' ಎಂದರು. ಜಗಲಿ ಮೇಲೆ ಅವರೆಕಾಯಿ ಸುಲಿಯುತ್ತಿದ್ದ ಅವರ ತಾಯಿ, 'ಊರೂರು ಸುತ್ತುಸ್ತೀಯ, ಅದುಕ್ಕೂ ದಾವಾಯ್ತದೆ ಕಣ್ಲಾ' ಎಂದರು.

ಮೊದಲು ಆ ದೊಡ್ಡ ಭಯವನ್ನು ಕಳೆಯಬೇಕಿತ್ತು. ಹೆಡ್ ಗ್ಯಾಸ್ಕೆಟ್ ಹೋಗಿದ್ದರೆ ಅದು ಸುಮ್ಮನಿರುವುದಿಲ್ಲ, ಗುರುತು ಕೊಡುತ್ತದೆ. ಆಯಿಲ್ ಹಾಕುವ ಮುಚ್ಚಳದ ಒಳಗೂ ಡಿಪ್‌ಸ್ಟಿಕ್ ಮೇಲೂ ಹಾಲು ಬೆರೆತ ಕಾಫಿಯ ಬಣ್ಣದ ನೊರೆ ಕಾಣಬಹುದು. ಗಾಡಿ ಬಿಸಿಯಾದ ಮೇಲೂ ಸೈಲೆನ್ಸರಿನಿಂದ ಬಿಳಿ ಹಬೆ ನಿಲ್ಲದೆ ಬರಬಹುದು. ತಣ್ಣನೆಯ ಇಂಜಿನ್ ಚಾಲೂ ಮಾಡಿದ ಒಂದೆರಡು ನಿಮಿಷಕ್ಕೇ ಮೇಲಿನ ಹೋಸ್ ಕಲ್ಲಾಗಬಹುದು. ರೇಡಿಯೇಟರ್ ಬಾಯಲ್ಲಿ ಗುಳ್ಳೆ ಬಿಡದೆ ಏಳಬಹುದು. ಇದಕ್ಕೊಂದು ಪರೀಕ್ಷೆಯೂ ಇದೆ. ರೇಡಿಯೇಟರ್ ಬಾಯಿಯ ಗಾಳಿಯನ್ನು ಒಂದು ನೀಲಿ ದ್ರವದ ಮೂಲಕ ಎಳೆದರೆ, ಉರಿದ ಹೊಗೆ ಅದರಲ್ಲಿ ಸೇರಿದ್ದಾಗ ದ್ರವ ಹಳದಿಗೆ ತಿರುಗುತ್ತದೆ. ಇವರ ಕಾರಿನಲ್ಲಿ ಈ ಯಾವ ಲಕ್ಷಣವೂ ಇರಲಿಲ್ಲ. ದ್ರವ ನೀಲಿಯಾಗಿಯೇ ಉಳಿಯಿತು. ಹೆಡ್ ಇಳಿಸುವ ಮಾತು ಅಲ್ಲಿಗೆ ಬಿಟ್ಟೆವು.

ಆಮೇಲೆ ಮಾಡಿದ ಕೆಲಸ ನೋಡಿ ಅವರಿಗೆ ಬೇಸರವೇ ಆಯಿತು. ಇಂಜಿನ್ ತೊಳೆದು ಒಣಗಿಸಿದ್ದು, ಅಷ್ಟೇ. ವರ್ಷಗಳ ಎಣ್ಣೆ ಜಿಡ್ಡು, ಧೂಳು ಇರುವ ಇಂಜಿನ್ನಿನಲ್ಲಿ ಹೊಸ ಸೋರಿಕೆಯ ಗುರುತು ಯಾವುದು, ಹಳೆಯದು ಯಾವುದು ಎಂದು ಹೇಳಲಾಗದು. ರಾತ್ರಿ ಕಾರಿನ ಕೆಳಗೆ ಬಿಳಿ ರಟ್ಟು ಹಾಸಿದೆವು. ಬೆಳಿಗ್ಗೆ ಚಾಲೂ ಮಾಡುವ ಮೊದಲೇ ಟಾರ್ಚು, ಒಂದು ಸಣ್ಣ ಕನ್ನಡಿ ಹಿಡಿದು ಒಂದೊಂದು ಜೋಡಣೆಯನ್ನೂ ನೋಡಿದೆವು. ಚಾಲೂ ಮಾಡುವ ಮೊದಲು ಎಂಬುದೇ ಮುಖ್ಯ. ಬಿಸಿಯಲ್ಲಿ ಸೋರುವುದು ಬೇರೆ, ತಣ್ಣಗಿರುವಾಗ ಸೋರುವುದು ಬೇರೆ. ಪ್ಲಾಸ್ಟಿಕ್ ಟ್ಯಾಂಕಿನ ಸೀಳು, ಪಂಪಿನ ಸೀಲು ಸಾಮಾನ್ಯವಾಗಿ ಒತ್ತಡ ಏರಿದಾಗ ಬಾಯಿ ಬಿಡುತ್ತವೆ. ಹೋಸ್ ಜೋಡಣೆಗಳು ಎಷ್ಟೋ ಸಲ ಅದಕ್ಕೆ ತಿರುಗಮುರುಗ. ಬಿಸಿಯಲ್ಲಿ ರಬ್ಬರು, ಲೋಹ ಎರಡೂ ಹಿಗ್ಗಿ ಬಿಗಿಯಾಗುತ್ತವೆ, ರಾತ್ರಿಯ ಚಳಿಯಲ್ಲಿ ಕುಗ್ಗಿ ಸಡಿಲವಾಗುತ್ತವೆ. ಮಾರ್ಗಶಿರದ ಬೆಳಗಿನ ಜಾವ ಸೋರಿ, ಗ್ಯಾರೇಜಿಗೆ ಹೋಗುವ ಹೊತ್ತಿಗೆ ಸಾಧುವಾಗಿಬಿಡುವ ಕಾರುಗಳಿವೆ. ಮೆಕ್ಯಾನಿಕ್ಕಿಗೆ ಕಾಣಿಸದಿದ್ದರೆ ತಪ್ಪು ಅವನದಲ್ಲ.

ರಟ್ಟಿನ ಮೇಲೆ ಏನೂ ಬಿದ್ದಿರಲಿಲ್ಲ. ಆದರೆ ಇಂಜಿನ್ನಿನ ಹಿಂಬದಿ, ಡ್ಯಾಶ್‌ಬೋರ್ಡಿನ ಗೋಡೆಯ ಕಡೆಗೆ, ಪಂಪಿನಿಂದ ಹೊರಟು ಬ್ಲಾಕಿನ ಮಗ್ಗುಲಲ್ಲೇ ಓಡುವ ಒಂದು ಉಕ್ಕಿನ ಪೈಪಿದೆ. ಅದಕ್ಕೆ ಹೀಟರ್ ಹೋಸ್ ಸೇರುವ ಜಾಗದಲ್ಲಿ ಕನ್ನಡಿಯಲ್ಲಿ ಕಂಡದ್ದು ಹಸಿರು ಮಿಶ್ರಿತ ಬಿಳಿ ಪುಡಿ. ಕೂಲೆಂಟ್ ಒಣಗಿದರೆ ಹಾಗೆ ಗುರುತು ಬಿಟ್ಟುಹೋಗುತ್ತದೆ. ಅನುಮಾನ ತೀರಿಸಲು ರೇಡಿಯೇಟರ್ ಬಾಯಿಗೆ ಪ್ರೆಶರ್ ಟೆಸ್ಟರ್ ಕೂರಿಸಿದೆವು. ಮೀಟರ್ ಇರುವ ಒಂದು ಕೈಪಂಪು ಅದು, ಸೈಕಲ್ ಪಂಪಿನಷ್ಟೇ ಸುಲಭ. ಮುಚ್ಚಳದ ಮೇಲೆ ಬರೆದಷ್ಟೇ ಒತ್ತಡ ಕೊಡಬೇಕು, ಅದಕ್ಕಿಂತ ಹೆಚ್ಚು ಕೊಟ್ಟರೆ ಇಲ್ಲದ ತೂತನ್ನು ನಾವೇ ಮಾಡಿದಂತೆ. ಒತ್ತಡ ಕೊಟ್ಟು ಕಾಫಿ ಕುಡಿಯಲು ಕೂತೆವು. ಮುಳ್ಳು ನಿಧಾನವಾಗಿ ಇಳಿಯಿತು. ಹೋಸಿನ ಅಂಚಿನಲ್ಲಿ ಒಂದು ಹನಿ ಕೂಡಿಕೊಂಡು, ಬ್ಲಾಕಿನ ಏಣಿನ ಮೇಲೆ ಹರಿದು ಗೇರ್‌ಬಾಕ್ಸಿನ ನೆತ್ತಿಯ ಹಳ್ಳದಲ್ಲಿ ನಿಂತಿತು. ನೆಲಕ್ಕೆ ಬೀಳದೆ ಇದ್ದದ್ದು ಅದಕ್ಕೇ. ಗಾಡಿ ಓಡಿದಾಗ ಆ ಬಿಸಿಗೆ ಅಲ್ಲಿಯೇ ಆರಿಹೋಗುತ್ತಿತ್ತು.

ಹೋಸನ್ನು ಪೈಪಿಗೆ ಬಿಗಿದ ಕ್ಲಿಪ್ಪಿನ ಸ್ಕ್ರೂ ತಲೆ ಸವೆದು ನುಣ್ಣಗಾಗಿತ್ತು. ಅಂದರೆ ಅಲ್ಲಿ ಸೋರುವುದು ಮೊದಲೇ ಯಾರಿಗೋ ಕಂಡಿತ್ತು, ಕಂಡವರೆಲ್ಲ ಬಿಗಿ ಮಾಡಿ ಬಿಟ್ಟಿದ್ದರು. ಬಿಗಿ ಮಾಡಿದಷ್ಟೂ ಕ್ಲಿಪ್ಪು ರಬ್ಬರಿನೊಳಗೆ ಇಳಿದಿತ್ತು. ಹೋಸನ್ನು ತಿರುಚಿ ಎಳೆಯಲು ಹೋಗದೆ ಬ್ಲೇಡಿನಲ್ಲಿ ಉದ್ದಕ್ಕೆ ಸೀಳಿ ಬಿಡಿಸಿದಾಗ ನಿಜವಾದ ಕಾರಣ ಕಂಡಿತು. ರಬ್ಬರಿನಡಿಯ ಉಕ್ಕಿನ ಪೈಪು ಹುಳುಕು ಹಿಡಿದಂತೆ ಕುಳಿ ಕುಳಿಯಾಗಿತ್ತು. ವರ್ಷಗಟ್ಟಲೆ ಬೋರ್‌ವೆಲ್ ನೀರು ಕುಡಿಸಿದ ಫಲ. ಆ ಕುಳಿಗಳ ಸಂದಿಯಲ್ಲೇ ನೀರು ಹಾದು ಬರುತ್ತಿತ್ತು. ಸಣ್ಣ ತುಕ್ಕಾಗಿದ್ದರೆ ಎಮರಿ ಕಾಗದದಲ್ಲಿ ಉಜ್ಜಿ ಹೊಸ ಹೋಸ್ ಹಾಕಿದ್ದರೆ ಸಾಕಿತ್ತು. ಇದು ಉಜ್ಜಿದರೆ ಉದುರುವ ಸ್ಥಿತಿಯಲ್ಲಿತ್ತು. ಪೈಪನ್ನೇ ಬದಲಾಯಿಸಿದೆವು. ಪಂಪಿಗೆ ಸೇರುವ ಕಡೆಯ ಓ-ರಿಂಗಿಗೆ ಗ್ರೀಸು, ಆಯಿಲ್ ಏನೂ ಹಚ್ಚಲಿಲ್ಲ. ಆ ರಬ್ಬರು ಎಣ್ಣೆ ತಾಗಿದರೆ ಊದಿ ಹಾಳಾಗುತ್ತದೆ, ಜಾರಲು ಎರಡು ತೊಟ್ಟು ಕೂಲೆಂಟೇ ಸಾಕು. ಕ್ಲಿಪ್ಪುಗಳ ವಿಷಯದಲ್ಲಿ ನನ್ನದೊಂದು ಹಟವಿದೆ. ಕಂಪನಿಯಿಂದ ಬಂದ ಸ್ಪ್ರಿಂಗ್ ಕ್ಲಿಪ್ಪನ್ನು ಬಿಸಾಕಿ ಸ್ಕ್ರೂ ಕ್ಲಿಪ್ ಹಾಕುವುದು ನಮ್ಮಲ್ಲಿ ರೂಢಿ. ಸ್ಕ್ರೂ ಬಿಗಿಯಾಗಿ ಕಾಣುತ್ತದೆ, ನಿಜ. ಆದರೆ ರಬ್ಬರು ಹಿಗ್ಗಿ ಕುಗ್ಗಿದಂತೆ ತಾನೂ ಹಿಗ್ಗಿ ಕುಗ್ಗುವುದು ಸ್ಪ್ರಿಂಗ್ ಮಾತ್ರ. ಬೆಳಗಿನ ಚಳಿಯ ಸೋರಿಕೆಗೆ ಅದೇ ಮದ್ದು.

ಎಲ್ಲರ ಕಾರಿನಲ್ಲೂ ಅದೇ ಪೈಪು ಎಂದು ನಾನು ಹೇಳುತ್ತಿಲ್ಲ. ವಾಟರ್ ಪಂಪಿನ ಕೆಳಗೆ ಒಂದು ಸಣ್ಣ ತೂತು ಬೇಕೆಂದೇ ಬಿಟ್ಟಿರುತ್ತಾರೆ. ಒಳಗಿನ ಸೀಲು ಸವೆದರೆ ಅಲ್ಲಿಂದ ಹನಿ ಬಂದು ನಿಮ್ಮನ್ನು ಎಚ್ಚರಿಸಲಿ ಎಂದು. ಅದನ್ನು ಎಂ-ಸೀಲ್ ಮೆತ್ತಿ ಮುಚ್ಚುವ ಬುದ್ಧಿವಂತರಿದ್ದಾರೆ! ಕಾರಿನೊಳಗೆ ಸಿಹಿ ಸಿಹಿ ವಾಸನೆ, ಮುಂದಿನ ಗಾಜಿನ ಒಳಗೆ ಜಿಡ್ಡು ಮಂಜು, ಎಡಗಡೆ ಕಾಲಿಡುವ ಕಾರ್ಪೆಟ್ ಒದ್ದೆ ಎಂದಾದರೆ ಡ್ಯಾಶ್‌ಬೋರ್ಡಿನ ಒಳಗಿರುವ ಹೀಟರ್ ಕೋರ್ ಸೋರುತ್ತಿದೆ. ಎಸಿ ನೀರೂ ಅಲ್ಲೇ ತೊಟ್ಟಿಕ್ಕಬಹುದು. ಬೆರಳಲ್ಲಿ ಮುಟ್ಟಿ ನೋಡಿ, ಎಸಿ ನೀರು ಜಾರುವುದಿಲ್ಲ, ಕೂಲೆಂಟ್ ಜಾರುತ್ತದೆ. ನಾಲಿಗೆಗೆ ಮಾತ್ರ ಹಚ್ಚಬೇಡಿ. ಯಾಕೆಂದು ಆಮೇಲೆ ಹೇಳುತ್ತೇನೆ.

ನಮ್ಮ ಸೀಮೆಗೇ ವಿಶೇಷವಾದ ಎರಡು ಕಾರಣಗಳನ್ನು ಹೇಳಲೇಬೇಕು. ಒಂದು, ರಸ್ತೆ ಮೇಲಿನ ಒಕ್ಕಣೆ. ಸುಗ್ಗಿ ಬಂದರೆ ರಾಗಿ, ಹುರುಳಿ ಎಲ್ಲ ಟಾರು ರಸ್ತೆಗೆ ಬರುತ್ತದೆ. ನಿಮ್ಮ ಕಾರು ಪುಕ್ಕಟೆ ಒಕ್ಕುವ ಯಂತ್ರ. ಹೊಟ್ಟು ಹಾರಿ ರೇಡಿಯೇಟರಿನ ಜಾಲರಿಗೆ ತುಂಬಿಕೊಳ್ಳುತ್ತದೆ, ಗಾಳಿ ಆಡದೆ ಶಾಖದ ಮೀಟರಿನ ಮುಳ್ಳು ಏರುತ್ತದೆ, ಒತ್ತಡ ಏರಿ ದುರ್ಬಲವಾದ ಜಾಗದಲ್ಲಿ ಸೋರಿಕೆ ಹುಟ್ಟುತ್ತದೆ. ಹುರುಳಿ ಬಳ್ಳಿಯಂತೂ ಇನ್ನೂ ಕೆಟ್ಟದ್ದು. ಆಕ್ಸಲಿಗೆ ಸುತ್ತಿಕೊಂಡು ಬಿಸಿಯಾಗಿ ಕಾರಿಗೇ ಬೆಂಕಿ ಹತ್ತಿದ್ದುಂಟು. ಸುಗ್ಗಿ ಮುಗಿದ ಮೇಲೆ ರೇಡಿಯೇಟರನ್ನು ಇಂಜಿನ್ ಕಡೆಯಿಂದ ಹೊರಗೆ, ಮೆಲ್ಲನೆಯ ನೀರಿನಲ್ಲಿ ತೊಳೆಯಿರಿ. ಜೋರಾದ ವಾಟರ್ ಸರ್ವಿಸ್ ಪೈಪು ಹಿಡಿದರೆ ಆ ತೆಳು ರೆಕ್ಕೆಗಳು ಮಡಚಿಕೊಳ್ಳುತ್ತವೆ. ಇನ್ನೊಂದು ಕಾರಣ ಇಲಿ. ಭತ್ತದ ಕಟಾವಾದ ಮೇಲೆ ಗದ್ದೆಯ ಇಲಿ ಊರ ಕಡೆ ಮುಖ ಮಾಡುತ್ತದೆ, ರಾತ್ರಿ ಬೆಚ್ಚಗಿರುವ ಇಂಜಿನ್ ಮೇಲೆ ಬಿಡಾರ ಹೂಡುತ್ತದೆ, ಕೂತಲ್ಲಿ ಹೋಸ್ ಕಡಿಯುತ್ತದೆ. ಗಣೇಶನ ವಾಹನಕ್ಕೆ ನಮ್ಮ ವಾಹನದ ಮೇಲೆ ಅದೇನು ಸಿಟ್ಟೋ. ಹಲ್ಲಿನ ಗುರುತು ಕಂಡರೆ ಟೇಪು ಸುತ್ತಬೇಡಿ, ಹೋಸ್ ಬದಲಾಯಿಸಿ.

ಅರಿಶಿನ ಹಾಕಿದರೆ ನಿಲ್ಲುತ್ತದಲ್ಲ ಎಂದು ನಿಮ್ಮಲ್ಲಿ ಕೆಲವರಾದರೂ ಅಂದುಕೊಳ್ಳುತ್ತಿರುತ್ತೀರಿ. ನಿಲ್ಲುತ್ತದೆ. ಲಾರಿ ಡ್ರೈವರುಗಳ ಹಳೆಯ ಮದ್ದು ಅದು. ಪುಡಿ ನೀರಿನ ಜೊತೆ ಹೋಗಿ ಸೂಜಿಮೊನೆಯಷ್ಟು ತೂತಿನಲ್ಲಿ ಕಚ್ಚಿಕೊಳ್ಳುತ್ತದೆ. ಅಂಗಡಿಯಲ್ಲಿ ಡಬ್ಬಿಯಲ್ಲಿ ಸಿಗುವ ಲೀಕ್ ನಿಲ್ಲಿಸುವ ಮದ್ದಿನದೂ ಹೆಚ್ಚುಕಡಿಮೆ ಇದೇ ತತ್ತ್ವ. ಆದರೆ ಪುಡಿಗೆ ತೂತು ಯಾವುದು, ನಳಿಕೆ ಯಾವುದು ಎಂಬ ಭೇದ ಗೊತ್ತಿಲ್ಲ. ಹೀಟರಿನ, ರೇಡಿಯೇಟರಿನ ಸಪೂರ ದಾರಿಗಳಲ್ಲೂ ಕೂರುತ್ತದೆ. ಅಂತರಸಂತೆಯ ಕಾಡು ರಸ್ತೆಯಲ್ಲಿ ಸಿಕ್ಕಿಕೊಂಡಿದ್ದರೆ ಅರಿಶಿನ ಹಾಕಿ ಊರು ಸೇರಿಕೊಳ್ಳಿ, ಬೇಡ ಎನ್ನುವುದಿಲ್ಲ. ಊರು ಸೇರಿದ ಮೇಲೆ ಎಲ್ಲ ಖಾಲಿ ಮಾಡಿ ತೊಳೆದು, ತೂತು ಹುಡುಕಿ.

ಈ ಮಾತನ್ನು ಕಾರಿನಲ್ಲೇ ಕೂತು ಕೇಳುತ್ತಿರುವವರೂ ಇರಬಹುದು. ನಿಮಗೊಂದು ಮಾತು. ಮುಳ್ಳು ಮೇಲೇರುತ್ತಿದ್ದರೆ ಎಸಿ ಆರಿಸಿ, ಹೀಟರನ್ನು ಪೂರ್ತಿ ತಿರುಗಿಸಿ, ಜಾಗ ಸಿಕ್ಕ ಕೂಡಲೇ ಪಕ್ಕಕ್ಕೆ ನಿಲ್ಲಿಸಿ. 'ಬಿಳಿಕೆರೆ ತನಕ ಹೋಗ್ಬುಡಾಣ' ಎಂದವರ ಹೆಡ್ಡುಗಳೇ ಲೇತಿಗೆ ಬರುವುದು. ಮುಳ್ಳು ಏರಿದ್ದು ಇದ್ದಕ್ಕಿದ್ದಂತೆ ಕೆಳಗಿಳಿದರೆ ಖುಷಿ ಪಡಬೇಡಿ. ನೀರು ಪೂರ್ತಿ ಖಾಲಿಯಾಗಿ ಸೆನ್ಸರ್ ಗಾಳಿಯಲ್ಲಿ ಉಳಿದರೂ ಮುಳ್ಳು ಹಾಗೆ ಸುಳ್ಳು ಹೇಳುತ್ತದೆ. ಕಾದ ಇಂಜಿನ್ನಿಗೆ ತಣ್ಣೀರು ಹೊಯ್ದರೆ ಹೆಡ್ಡು ಸೊಟ್ಟಗಾಗಬಹುದು, ಸೀಳಲೂಬಹುದು.

ರಿಪೇರಿ ಮುಗಿಸಿ ತುಂಬುವಾಗ ಕೂಲೆಂಟ್ ಡಬ್ಬಿಯ ಮೇಲೆ ಓದಿ. ಕೆಲವು ಹಾಗೇ ಹೊಯ್ಯುವಂಥವು, ಕೆಲವಕ್ಕೆ ಡಬ್ಬಿಯಲ್ಲಿ ಹೇಳಿದಷ್ಟು ನೀರು ಬೆರೆಸಬೇಕು. ಬೆರೆಸುವುದಾದರೆ ಡಿಸ್ಟಿಲ್ಡ್ ವಾಟರ್. ಬ್ಯಾಟರಿ ಅಂಗಡಿಯಲ್ಲಿ ಸಿಗುತ್ತದೆ. ಆಸಿಡ್ ಕೊಟ್ಟುಬಿಟ್ಟಾರು, ಹೆಸರು ಹೇಳಿ ಕೇಳಿ. ಹಸಿರಿಗೆ ಕೆಂಪು ಬೆರೆಸಬೇಡಿ. ಬಣ್ಣ ನೋಡಿಯೇ ಜಾತಿ ಹೇಳಲಾಗದಿದ್ದರೂ, ಒಂದಕ್ಕೊಂದು ಆಗದ ಕೂಲೆಂಟುಗಳು ಸೇರಿದರೆ ಒಳಗೆ ಗಂಜಿ ಕಟ್ಟುತ್ತದೆ. ತುಂಬಿದ ಮೇಲೆ ಒಳಗೆ ಸಿಕ್ಕಿಕೊಂಡ ಗಾಳಿ ಹೊರಗೆ ಹೋಗಬೇಕು. ಮುಂಭಾಗ ಸ್ವಲ್ಪ ಎತ್ತರಕ್ಕೆ ಬರುವಂತೆ ಏರಿನಲ್ಲಿ ನಿಲ್ಲಿಸಿ, ಹೀಟರ್ ಬಿಸಿಗೆ ತಿರುಗಿಸಿ, ತಣ್ಣನೆಯ ಇಂಜಿನ್ನನ್ನು ಮುಚ್ಚಳ ತೆರೆದೇ ಚಾಲೂ ಮಾಡಿ. ಥರ್ಮೋಸ್ಟ್ಯಾಟ್ 82ರಿಂದ 88 ಡಿಗ್ರಿಯ ಸುಮಾರಿಗೆ ತೆರೆದುಕೊಂಡಾಗ ಗುಳ್ಳೆ ಬಂದು ಮಟ್ಟ ಇಳಿಯುತ್ತದೆ. ಅಷ್ಟು ತುಂಬಿ, ಇನ್ನೂ ಕಾಯುವ ಮೊದಲೇ ಮುಚ್ಚಿ. ಹೆಗಲ ಮೇಲಿನ ಟವಲು, ಸೆರಗು, ಜಡೆ ಎಲ್ಲ ದೂರವಿರಲಿ. ಎಷ್ಟೋ ಕಾರುಗಳಲ್ಲಿ ಕೀಲಿ ತೆಗೆದ ಮೇಲೂ ಫ್ಯಾನು ತಾನಾಗಿ ತಿರುಗುತ್ತದೆ.

ಇನ್ನು ನಾಲಿಗೆಗೆ ಹಚ್ಚಬೇಡಿ ಎಂದೆನಲ್ಲ. ಎಥಿಲೀನ್ ಗ್ಲೈಕಾಲ್ ಸಿಹಿ, ಆದರೆ ವಿಷ. ಸುಮಾರು 100 ಮಿಲಿಲೀಟರು ದೊಡ್ಡವರ ಜೀವವನ್ನೇ ತೆಗೆಯಬಲ್ಲದು, ಮಕ್ಕಳಿಗೆ, ನಾಯಿ ಬೆಕ್ಕಿಗೆ ತೀರ ಸ್ವಲ್ಪ ಸಾಕು. ಹಳೆಯ ಕೂಲೆಂಟನ್ನು ಕೊಟ್ಟಿಗೆ ಪಕ್ಕದ ಬಾಣಲೆಯಲ್ಲಿ ಬಿಟ್ಟರೆ ಕರು ಬಂದು ಬಾಯಿ ಹಾಕುತ್ತದೆ. ಅದನ್ನು ಚಾಮರಾಜ ನಾಲೆಗೋ ಗದ್ದೆಯ ಕಾಲುವೆಗೋ ಚೆಲ್ಲಬೇಡಿ, ತಂಪು ಪಾನೀಯದ ಬಾಟಲಿನಲ್ಲಿ ತುಂಬಿಡಲೇಬೇಡಿ. ಬಿಗಿ ಮುಚ್ಚಳದ ಕ್ಯಾನಿಗೆ ಹಾಕಿ, ಮೇಲೆ ವಿಷ ಎಂದು ದೊಡ್ಡದಾಗಿ ಬರೆದು, ಹಳೆಯ ಆಯಿಲ್ ಸಂಗ್ರಹಿಸುವ ಗ್ಯಾರೇಜಿನವರನ್ನು ವಿಚಾರಿಸಿ ಕೊಡಿ. ಯಾರಾದರೂ ಕುಡಿದರೆಂದು ಗೊತ್ತಾದರೆ ವಾಂತಿ ಮಾಡಿಸುತ್ತ ಕೂರದೆ ಆ ಡಬ್ಬಿಯನ್ನೂ ಹಿಡಿದುಕೊಂಡು ನೇರ ಆಸ್ಪತ್ರೆಗೆ ಹೋಗಿ.

ಭತ್ತದ ವ್ಯಾಪಾರದವರ ಕಾರಿನ ಬಾಟಲಿಗೆ ಮಾರ್ಕರ್ ಪೆನ್ನಿನಲ್ಲಿ ಒಂದು ಗೆರೆ ಎಳೆದು ಕೊಟ್ಟಿದ್ದೆ. ದಿನಾ ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗ ನೋಡಿ, ಗಾಳಿ ಪೂರ್ತಿ ಹೋಗುವವರೆಗೆ ಮೊದಲ ಒಂದೆರಡು ದಿನ ಸ್ವಲ್ಪ ಇಳಿಯಬಹುದು, ಆಮೇಲೂ ಇಳಿದರೆ ಬನ್ನಿ ಎಂದಿದ್ದೆ. ಅವರು ಬರಲಿಲ್ಲ. ಅವರ ತಾಯಿ ಮಾತ್ರ ಒಂದು ದಿನ ಒಂದು ಸೇರು ಅವರೆಕಾಳು ಕಳಿಸಿದರು.